ಮೋಟಾರಿನ ಮೈಬಣ್ಣವನ್ನು ಕಾಪಾಡುವುದು ಹೇಗೆ?

ನಮ್ಮ ವಾಚನಾಲಯಕ್ಕೆ ಸಂಜೆ ಬಂದು ಕೂಡುವವರಲ್ಲಿ ಸ್ವಂತ ಕಾರು ಉಳ್ಳವರು ಬೆರಳೆಣಿಕೆಯಷ್ಟು ಮಂದಿ. ಆದರೆ ಕಾರನ್ನು ನಂಬಿ ಹೊಟ್ಟೆ ಹೊರೆಯುವವರು ಬಹಳ. ಸಾಲ ಮಾಡಿ ಟ್ಯಾಕ್ಸಿ ಕೊಂಡವರಿದ್ದಾರೆ. ಧಣಿಗಳ ಬಂಡಿ ನಡೆಸುವವರಿದ್ದಾರೆ. ಬೆಳಗಿನ ಐದಕ್ಕೆ ಎದ್ದು ಹೌಸಿಂಗ್ ಸೊಸೈಟಿಗಳಲ್ಲಿ ಇಪ್ಪತ್ತು ಮೂವತ್ತು ಕಾರು ಒರೆಸಿ, ಆಮೇಲೆ ಬೇರೆ ಕೆಲಸಕ್ಕೆ ಓಡುವ ಹುಡುಗರಿದ್ದಾರೆ. ಗುಮಾಸ್ತರಲ್ಲಿ ಕಂತಿನ ಮೇಲೆ ಸ್ಕೂಟರು ಕೊಂಡವರು ಅನೇಕರು. ಇವರೆಲ್ಲರಿಗೂ ಬಂಡಿಯ ಬಣ್ಣವೆಂಬುದು ಬರಿಯ ಅಂದದ ಮಾತಲ್ಲ. ಬಂಡಿ ಮಾರುವಾಗ ಕೊಳ್ಳುವವನು ಮೊದಲು ನೋಡುವುದು ಮೈಯನ್ನು, ಎಂಜಿನ್ನನ್ನು ಆಮೇಲೆ. ಕಾರು ಒರೆಸುವ ಹುಡುಗನ ಮಟ್ಟಿಗಂತೂ ಬಾನೆಟ್ಟಿನ ಮೇಲೆ ಕಂಡ ಒಂದು ಗೀರು ತಿಂಗಳ ಸಂಬಳವನ್ನೇ ನುಂಗಬಹುದು.

ಈಗ ಕೆಲವು ವರ್ಷಗಳಿಂದ "ಸಿರಾಮಿಕ್ ಕೋಟಿಂಗ್" ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಅಂಗಡಿಯಲ್ಲಿ ಮಾಡಿಸಿದರೆ ಹತ್ತು ಸಾವಿರಕ್ಕೆ ಮೇಲ್ಪಟ್ಟ ಲೆಕ್ಕ. ಅದೇ ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳಿರೆಂದು ಸಣ್ಣ ಸೀಸೆಗಳನ್ನೂ ಮಾರುತ್ತಾರೆ. ಅದರ ಜೊತೆಗೆ ಮೇಣ, ಪಾಲಿಶ್, ಸೀಲೆಂಟ್ ಎಂದು ಹತ್ತು ಹೆಸರು. ಯಾವುದು ಬೇಕು, ಯಾವುದು ಬೇಡ, ನಮ್ಮ ಕೈಯಿಂದಲೇ ಆಗುವುದು ಎಷ್ಟು ಎಂಬುದನ್ನು ತಿಳಿದವರಿಂದ ಕೇಳಿ, ಓದಿ ಇಲ್ಲಿ ಬರೆದಿದ್ದೇವೆ.

ಬಣ್ಣ ಎಷ್ಟು ದಪ್ಪ?

ಮೊದಮೊದಲಿನ ಮೋಟಾರುಗಳಿಗೆ ಕುದುರೆ ಸಾರೋಟಿಗೆ ಬಳಿಯುತ್ತಿದ್ದಂತೆ ಕುಂಚದಿಂದ ವಾರ್ನಿಷು ಬಣ್ಣ ಬಳಿಯುತ್ತಿದ್ದರು. ಒಂದೊಂದು ಕೋಟೂ ಒಣಗಬೇಕು, ಉಜ್ಜಬೇಕು, ಮತ್ತೆ ಬಳಿಯಬೇಕು. ಒಂದು ಬಂಡಿ ಮುಗಿಯಲು ವಾರಗಳೇ ಹಿಡಿಯುತ್ತಿದ್ದವು. 1923ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿಯ "ಡ್ಯೂಕೋ" ಎಂಬ ಬೇಗ ಒಣಗುವ ಬಣ್ಣವನ್ನು ಜನರಲ್ ಮೋಟಾರ್ಸಿನವರು ತಮ್ಮ ಓಕ್‌ಲೆಂಡ್ ಕಾರಿಗೆ ಸಿಂಪಡಿಸಿ ಮಾರುಕಟ್ಟೆಗೆ ತಂದರು. ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ಇಂದಿಗೂ ನಮ್ಮ ಬಡಗಿಗಳೂ ಗ್ಯಾರೇಜಿನವರೂ ಸಿಂಪಡಿಸುವ ಬಣ್ಣಕ್ಕೆಲ್ಲ "ಡ್ಯೂಕೋ" ಎನ್ನುವುದು ಆ ಹೆಸರಿನ ಉಳಿಕೆಯೇ.

ಈಗಿನ ಕಾರಿನ ಬಣ್ಣ ಒಂದು ಪದರದ್ದಲ್ಲ. ಉಕ್ಕಿನ ತಗಡನ್ನು ಮೊದಲು ಫಾಸ್ಫೇಟ್ ನೀರಿನಲ್ಲಿ ಅದ್ದುತ್ತಾರೆ. ಬಳಿಕ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ತು ಹರಿಸಿ, ತುಕ್ಕು ತಡೆಯುವ ಅಡಿಬಣ್ಣವನ್ನು ಮೂಲೆ ಮೂಲೆಗೂ ಹಿಡಿಸುತ್ತಾರೆ. ಅದರ ಮೇಲೆ ಪ್ರೈಮರ್, ಅದರ ಮೇಲೆ ಕಣ್ಣಿಗೆ ಕಾಣುವ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವೇ ಇಲ್ಲದ ಪಾರದರ್ಶಕ ಪದರ. ಇದಕ್ಕೆ ಕ್ಲಿಯರ್ ಕೋಟ್ ಎನ್ನುತ್ತಾರೆ. ಹೊಳಪು ಬರುವುದು ಇದರಿಂದ. ಬಿಸಿಲಿನ ನೇರಳಾತೀತ ಕಿರಣಗಳನ್ನು ತಡೆದು ಒಳಗಿನ ಬಣ್ಣ ಮಾಸದಂತೆ ಕಾಯುವುದೂ ಇದೇ.

ಇಷ್ಟೆಲ್ಲ ಪದರ ಸೇರಿದರೂ ದಪ್ಪವೆಷ್ಟು? ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನ್. ನಮ್ಮ ಮೇಜಿನ ಮೇಲಿರುವ ದಿನಪತ್ರಿಕೆಯ ಒಂದು ಹಾಳೆ ಸುಮಾರು 70 ಮೈಕ್ರಾನ್. ಅಂದರೆ ಕಾರಿನ ಇಡೀ ಬಣ್ಣ ಎರಡು ಹಾಳೆ ಪತ್ರಿಕೆಯಷ್ಟು. ಎಲ್ಲವನ್ನೂ ಕಾಯುವ ಕ್ಲಿಯರ್ ಕೋಟ್ ಸುಮಾರು 40ರಿಂದ 50 ಮೈಕ್ರಾನ್, ಒಂದು ಹಾಳೆಗೂ ಕಡಿಮೆ! ಹೊಳಪು ಬರಲೆಂದು ರಬಿಂಗ್ ಕಾಂಪೌಂಡ್ ಹಾಕಿ ತಿಕ್ಕಿದಾಗಲೆಲ್ಲ ಈ ಹಾಳೆಯೇ ಸವೆಯುತ್ತದೆ. ಒಮ್ಮೆ ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಈ ಒಂದು ಮಾತನ್ನು ನೆನಪಿಟ್ಟರೆ ಮುಂದಿನದೆಲ್ಲ ತಾನಾಗಿ ತಿಳಿಯುತ್ತದೆ.

ಬಣ್ಣದ ವೈರಿಗಳು

ಮೊದಲನೆಯ ವೈರಿ ಧೂಳು. ಅದೂ ಒಣಬಟ್ಟೆಯೊಡನೆ ಕೂಡಿದ ಧೂಳು. ಬೀದಿಯ ಧೂಳಿನಲ್ಲಿ ಮರಳಿನ ಹರಳುಗಳಿರುತ್ತವೆ. ಖನಿಜಗಳ ಗಡಸುತನಕ್ಕೆ ಒಂದರಿಂದ ಹತ್ತರವರೆಗೆ ಮೋಸ್ ಎಂಬ ಅಳತೆ ಉಂಟು. ಅದರಲ್ಲಿ ವಜ್ರ 10, ಮರಳಿನ ಸ್ಫಟಿಕ 7. ಬಣ್ಣ ಇದರ ಮುಂದೆ ಬೆಣ್ಣೆಯಿದ್ದಂತೆ. ಒಣ ಧೂಳನ್ನು ಒಣಬಟ್ಟೆಯಿಂದ ಗರಗರನೆ ಒರೆಸುವುದೂ ನಯವಾದ ಮರಳುಕಾಗದದಿಂದ ತಿಕ್ಕುವುದೂ ಒಂದೇ. ಬಿಸಿಲಿನಲ್ಲಿ ನಿಂತು ನೋಡಿದರೆ ಬಾನೆಟ್ಟಿನ ಮೇಲೆ ಜೇಡರಬಲೆಯಂತೆ ಸುತ್ತು ಸುತ್ತಾದ ಸಣ್ಣ ಗೀರುಗಳು ಕಾಣುತ್ತವಲ್ಲ, ಅವು ಹುಟ್ಟುವುದು ಹೀಗೆ.

ಎರಡನೆಯದು ಹಕ್ಕಿಯ ಹಿಕ್ಕೆ. ಅದರಲ್ಲಿ ಯೂರಿಕ್ ಆಮ್ಲವಿದೆ. ಜೊತೆಗೆ ಬಿಸಿಲಿಗೆ ಬಣ್ಣ ಸ್ವಲ್ಪ ಮೆತ್ತಗಾಗಿ ಹಿಗ್ಗುತ್ತದೆ. ಸಂಜೆ ತಣಿದು ಕುಗ್ಗುವಾಗ ಒಣಗಿದ ಹಿಕ್ಕೆಯ ಅಚ್ಚು ಅದರಲ್ಲಿ ಉಳಿದುಬಿಡುತ್ತದೆ. ಆದುದರಿಂದ ಕಂಡ ಕೂಡಲೆ ಒದ್ದೆ ಬಟ್ಟೆಯನ್ನು ಅದರ ಮೇಲೆ ಐದು ನಿಮಿಷ ಹಾಕಿಟ್ಟು, ನೆನೆದ ಮೇಲೆ ಎತ್ತಿ ತೆಗೆಯಬೇಕು. ಕೆರೆಯಬಾರದು.

ಮೂರನೆಯದು ಗಡಸು ನೀರು. ಕೊಳವೆಬಾವಿಯ ನೀರಿನಲ್ಲಿ ಸುಣ್ಣದ ಅಂಶ ಹೆಚ್ಚು. ಹನಿ ಒಣಗಿದರೆ ಬಿಳಿಯ ಉಂಗುರ ಉಳಿಯುತ್ತದೆ. ನಾಲ್ಕನೆಯದು ಕಡಲಗಾಳಿಯ ಉಪ್ಪು. ಮುಂಬಯಿ, ಚೆನ್ನೈಗಳಲ್ಲಿ ಇರುವವರಿಗೆ ಇದನ್ನು ಹೇಳಬೇಕಾಗಿಲ್ಲ. ಬಣ್ಣ ಸರಿಯಿದ್ದಾಗ ಉಪ್ಪು ಏನೂ ಮಾಡದು. ಎಲ್ಲಿ ಕಲ್ಲು ಸಿಡಿದು ಚಕ್ಕೆ ಎದ್ದಿದೆಯೋ ಅಲ್ಲಿ ತುಕ್ಕಿಗೆ ಬಾಗಿಲು ತೆರೆದಂತೆ. ಐದನೆಯದು ರೈಲುಹಳಿಯ ಪಕ್ಕ ಬಂಡಿ ನಿಲ್ಲಿಸುವವರಿಗೆ ಮಾತ್ರ: ರೈಲಿನ ಬ್ರೇಕು, ಹಳಿಗಳಿಂದ ಏಳುವ ಕಬ್ಬಿಣದ ಪುಡಿ ಬಣ್ಣದೊಳಗೆ ನಾಟಿಕೊಂಡು ಕಂದು ಚುಕ್ಕೆಯಾಗುತ್ತದೆ.

"ಏನಣ್ಣಾ, ಡೀಸೆಲ್ ಹಾಕಿ ಒರೆಸಿದರೆ ಫಳಫಳ ಹೊಳೆಯುತ್ತದಲ್ಲ, ಇಷ್ಟೆಲ್ಲ ಯಾಕೆ?" ಎಂದು ಟ್ಯಾಕ್ಸಿ ನಡೆಸುವ ತಮ್ಮನೊಬ್ಬ ಕೇಳಿದ. ಹೊಳೆಯುತ್ತದೆ, ಸುಳ್ಳಲ್ಲ. ಆದರೆ ಅದು ಎಣ್ಣೆಯ ಹೊಳಪೇ ಹೊರತು ಬಣ್ಣದ್ದಲ್ಲ. ಆ ಜಿಡ್ಡಿಗೆ ಧೂಳು ಬಂದು ಮೆತ್ತುತ್ತದೆ. ಮರುದಿನ ಒರೆಸುವಾಗ ಗೀರು ಇನ್ನೂ ಹೆಚ್ಚು. ಮೊದಲೇ ಮೇಣ ಹಾಕಿದ್ದರೆ ಡೀಸೆಲ್ ಆಗಲಿ ಸೀಮೆಎಣ್ಣೆಯಾಗಲಿ ಅದನ್ನು ಕರಗಿಸಿ ಒಯ್ಯುತ್ತದೆ. ಬಾಗಿಲಿನ ರಬ್ಬರು ಉಬ್ಬಿ ಕೆಡುತ್ತದೆ. ಬೆಂಕಿಯ ಭಯ ಬೇರೆ.

ಮೂರು ಬಗೆಯ ಲೇಪ

ಲೇಪದ ಕೆಲಸವೆಂದರೆ ಕ್ಲಿಯರ್ ಕೋಟಿನ ಮೇಲೆ ಇನ್ನೊಂದು ತೆಳು ಪದರ ಕೂರಿಸಿ, ಸವೆಯುವುದೇನಿದ್ದರೂ ಅದು ಸವೆಯಲಿ ಎಂದು ಬಿಡುವುದು. ಪುಸ್ತಕಕ್ಕೆ ರಟ್ಟಿನ ಮೇಲೆ ಖಾಕಿ ಕಾಗದ ಹಾಕಿದಂತೆ.

ಮೇಣ: ಹಳೆಯ ಕ್ರಮ ಇದು. ಒಳ್ಳೆಯ ಮೇಣದಲ್ಲಿ ಕಾರ್ನೌಬಾ ಇರುತ್ತದೆ. ಇದು ಬ್ರೆಜಿಲ್ ದೇಶದ ಈಶಾನ್ಯದಲ್ಲಿ ಬೆಳೆಯುವ ಒಂದು ಬಗೆಯ ತಾಳೆಮರದ ಎಲೆಯಿಂದ ತೆಗೆದದ್ದು. ಸುಮಾರು 82ರಿಂದ 86 ಡಿಗ್ರಿ ಸೆಂಟಿಗ್ರೇಡಿನವರೆಗೆ ಕರಗದು; ಮೇಣಗಳಲ್ಲೆಲ್ಲ ಇದು ಗಟ್ಟಿ. ಕೆಲವು ನೂರು ರೂಪಾಯಿಗೆ ಒಂದು ಡಬ್ಬಿ ಸಿಗುತ್ತದೆ, ಹಲವು ಸಾರಿಗೆ ಬರುತ್ತದೆ. ಆದರೆ ನಮ್ಮ ಬಿಸಿಲಿಗೆ, ದಿನವೂ ರಸ್ತೆಯಲ್ಲಿ ಇರುವ ಬಂಡಿಗೆ ಒಂದೆರಡು ತಿಂಗಳು ಬಾಳಿದರೆ ಹೆಚ್ಚು.

ಸೀಲೆಂಟ್: ಇದು ಕಾರ್ಖಾನೆಯಲ್ಲಿ ರಾಸಾಯನಿಕಗಳಿಂದ ಮಾಡಿದ ಮೇಣವೆನ್ನಿ. ಹಾಕುವ ಕ್ರಮ ಮೇಣದಂತೆಯೇ ಸುಲಭ. ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು ಬಾಳುತ್ತದೆ.

ಸಿರಾಮಿಕ್: ಹೆಸರು ಕೇಳಿ ಪಿಂಗಾಣಿ ಬಳಿಯುತ್ತಾರೆಂದು ತಿಳಿಯಬೇಡಿ. ಸೀಸೆಯಲ್ಲಿರುವುದು ಸಿಲಿಕಾನ್ ಕೂಡಿದ ದ್ರವ. ಬಳಿದ ಮೇಲೆ ಗಾಳಿಯ ತೇವದೊಡನೆ ಸೇರಿ ಅದು ಗಟ್ಟಿಯಾಗಿ, ಮರಳು ಗಾಜುಗಳ ಮೂಲವಾದ ಸಿಲಿಕಾದ ಜಾಲದಂತಾಗಿ ಬಣ್ಣವನ್ನು ಬಿಗಿಯಾಗಿ ಹಿಡಿಯುತ್ತದೆ. ಮೇಣದಂತೆ ಸೋಪಿಗೆ ತೊಳೆದುಹೋಗದು. ಮನೆಯಲ್ಲಿ ಹಾಕುವ ಸೀಸೆಯದು, ಚೆನ್ನಾಗಿ ಹಾಕಿದರೆ, ಒಂದೆರಡು ವರ್ಷ ಬಾಳುತ್ತದೆ. ಆದರೆ ಅದರ ದಪ್ಪ ಸುಮಾರು ಒಂದೆರಡು ಮೈಕ್ರಾನ್ ಮಾತ್ರ.

ಜಾಹೀರಾತಿನಲ್ಲಿ "9 ಎಚ್ ಗಡಸುತನ" ಎಂದು ದೊಡ್ಡಕ್ಷರದಲ್ಲಿ ಬರೆದಿರುತ್ತಾರೆ. ವಜ್ರ 10 ಆದರೆ ಇದು 9 ಎಂದು ಕೊಳ್ಳುವವರು ತಿಳಿಯುತ್ತಾರೆ. ಹಾಗಲ್ಲ. ಇದು ಖನಿಜದ ಅಳತೆಯೇ ಅಲ್ಲ, ಪೆನ್ಸಿಲಿನದು! ನಾವು ಕಚೇರಿಯಲ್ಲಿ ಬರೆಯುವ ಎಚ್‌ಬಿ ಪೆನ್ಸಿಲಿಗಿಂತ ಗಡಸಾದವು ಎಚ್, 2 ಎಚ್ ಹೀಗೆ 9 ಎಚ್‌ವರೆಗೆ ಹೋಗುತ್ತವೆ. 9 ಎಚ್ ಪೆನ್ಸಿಲಿನಿಂದ ಗೀಚಿದರೆ ಗೀರು ಬೀಳದು ಎಂಬುದಷ್ಟೇ ಅದರ ಅರ್ಥ. ಪೆನ್ಸಿಲಿಗೆ ಜಗ್ಗದ್ದು ಮರಳಿಗೆ ಜಗ್ಗುತ್ತದೆ. ಆದುದರಿಂದ ಸಿರಾಮಿಕ್ ಹಾಕಿದ ಬಂಡಿಯನ್ನೂ ಒಣಬಟ್ಟೆಯಿಂದ ತಿಕ್ಕುವಂತಿಲ್ಲ.

ಮೊದಲು ತೊಳೆಯುವುದು

ಪಾತ್ರೆಗೆ ಕಲಾಯಿ ಹಾಕುವವನನ್ನು ಚಿಕ್ಕಂದಿನಲ್ಲಿ ಎಲ್ಲರೂ ನೋಡಿರುತ್ತೇವೆ. ತವರ ಬಳಿಯುವುದು ಅವನಿಗೆ ಅರೆ ನಿಮಿಷದ ಕೆಲಸ. ಅದಕ್ಕೆ ಮುಂಚೆ ತಿಕ್ಕಿ ತೊಳೆದು, ಕಾಯಿಸಿ, ನವಸಾಗರ ಹಾಕಿ ಒರೆಸಿ ಪಾತ್ರೆಯನ್ನು ಅಣಿಮಾಡುವುದೇ ಹೆಚ್ಚು ಹೊತ್ತು. ಜಿಡ್ಡಿದ್ದಲ್ಲಿ ಕಲಾಯಿ ಹಿಡಿಯದು. ಕಾರಿನ ಲೇಪವೂ ಹಾಗೆಯೇ. ಕೆಳಗೆ ಕೊಳೆಯಿದ್ದರೆ ಲೇಪ ಕೂರುವುದು ಕೊಳೆಯ ಮೇಲೆ, ಬಣ್ಣದ ಮೇಲಲ್ಲ.

ಬಂಡಿಯನ್ನು ನೆರಳಿಗೆ ತಂದು ಮೈ ತಣಿಯಲು ಬಿಡಿ. ಅಂಗೈ ಇಟ್ಟರೆ ಸುಡಬಾರದು. ಮೊದಲು ಬರಿಯ ನೀರು ಹೊಯ್ದು ಸಡಿಲವಾದ ಧೂಳು ಇಳಿಸಿ. ಎರಡು ಬಕೀಟು ಇಟ್ಟುಕೊಳ್ಳಿ: ಒಂದರಲ್ಲಿ ಕಾರು ತೊಳೆಯುವ ಶಾಂಪೂ ನೀರು, ಇನ್ನೊಂದರಲ್ಲಿ ಬರಿಯ ನೀರು. ಬಟ್ಟೆಯನ್ನು ಶಾಂಪೂ ನೀರಿನಲ್ಲಿ ಅದ್ದಿ ಒಂದು ಭಾಗ ತೊಳೆದ ಮೇಲೆ, ಬರಿಯ ನೀರಿನಲ್ಲಿ ಜಾಲಿಸಿ ಮರಳು ಬಿಡಿಸಿ, ಆಮೇಲೆ ಮತ್ತೆ ಶಾಂಪೂ ನೀರಿಗೆ ಅದ್ದುವುದು. ಈ ಎರಡನೆಯ ಬಕೀಟೇ ಬಣ್ಣದ ನಿಜವಾದ ರಕ್ಷಕ. ಮಾಡಿನಿಂದ ಶುರುಮಾಡಿ ಕೆಳಕ್ಕೆ ಬನ್ನಿ. ಚಕ್ರಗಳಿಗೆ ಬೇರೆಯೇ ಬಟ್ಟೆ. ಬಟ್ಟೆ ಒಗೆಯುವ ಪುಡಿ, ಪಾತ್ರೆ ತೊಳೆಯುವ ಸೋಪು ದಿನಬಳಕೆಗೆ ಬೇಡ. ಇದ್ದ ಮೇಣವನ್ನೂ ತೆಗೆದುಬಿಡುತ್ತವೆ.

ಬಟ್ಟೆಯ ವಿಷಯದಲ್ಲಿ ಗಿರಣಿಯವರಾದ ನಾವು ಒಂದು ಮಾತು ಹೇಳಬಹುದು. ಡ್ರೈವರುಗಳು ಬಳಸುವ ಬನಿಯನ್ ವೇಸ್ಟ್ ಎಂಜಿನ್ನಿಗೆ ಸರಿ, ಮೈಗೆ ಬೇಡ. ಅದರಲ್ಲಿ ಹೊಲಿಗೆಯ ಗಟ್ಟಿ ಅಂಚು, ಕೆಲವೊಮ್ಮೆ ಗುಂಡಿ ಕೂಡ ಇರುತ್ತದೆ. ಮೈಕ್ರೋಫೈಬರ್ ಎಂಬ ಬಟ್ಟೆ ಇದಕ್ಕೆಂದೇ ಆದದ್ದು. 9,000 ಮೀಟರ್ ಉದ್ದದ ಎಳೆ ಒಂದು ಗ್ರಾಂ ತೂಗಿದರೆ ಅದಕ್ಕೆ ಒಂದು ಡೆನಿಯರ್ ಎಂದು ಲೆಕ್ಕ. ಇದರ ಎಳೆ ಅದಕ್ಕೂ ತೆಳು. ಪಾಲಿಯೆಸ್ಟರ್, ನೈಲಾನ್‌ಗಳ ಈ ಸೀಳಿದ ಎಳೆಗಳ ನಡುವಿನ ಸಂದಿಗೆ ನೀರೂ ಧೂಳೂ ಹೋಗಿ ಕೂರುತ್ತವೆ, ಬಣ್ಣದ ಮೇಲೆ ಉರುಳಾಡುವುದಿಲ್ಲ. ಇದನ್ನು ಬೇರೆಯಾಗಿಯೇ ಒಗೆಯಬೇಕು. ನೆಲಕ್ಕೆ ಬಿದ್ದ ಬಟ್ಟೆಯನ್ನು ಒಗೆಯದೆ ಮತ್ತೆ ಬಂಡಿಗೆ ಮುಟ್ಟಿಸಬಾರದು.

ಒರೆಸಿ ಒಣಗಿಸಿದ ಮೇಲೆ ಕೈಗೆ ತೆಳುವಾದ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಬಣ್ಣದ ಮೇಲೆ ಮೆಲ್ಲನೆ ಆಡಿಸಿ ನೋಡಿ. ಗಾಜಿನಂತೆ ಜಾರಿದರೆ ಸರಿ. ರವೆಯಂತೆ ತರಿತರಿ ಎನಿಸಿದರೆ ಕಬ್ಬಿಣದ ಪುಡಿ, ಡಾಂಬರು, ಮರದ ಅಂಟು ನಾಟಿದೆ ಎಂದು ಅರ್ಥ. ಅದನ್ನು ತೆಗೆಯಲು ಕ್ಲೇ ಎಂಬ ಜೇಡಿಯಂತಹ ಬಿಲ್ಲೆ ಸಿಗುತ್ತದೆ. ಶಾಂಪೂ ನೀರು ಧಾರಾಳವಾಗಿ ಚಿಮುಕಿಸಿ, ಬಿಲ್ಲೆಯನ್ನು ಒತ್ತದೆ ಹಗುರಾಗಿ ಆಡಿಸಬೇಕು. ಬಿಲ್ಲೆ ನೆಲಕ್ಕೆ ಬಿತ್ತೋ, ಎಸೆದುಬಿಡಿ.

ಲೇಪ ಹಾಕುವ ಕ್ರಮ

ಮೇಣ, ಸೀಲೆಂಟುಗಳಿಗೆ ಹೆಚ್ಚು ಸಡಗರ ಬೇಡ. ಸಣ್ಣ ಸ್ಪಂಜಿನಿಂದ ಒಂದೊಂದೇ ಭಾಗಕ್ಕೆ ತೆಳುವಾಗಿ ಸವರಿ, ಮಬ್ಬಾದ ಮೇಲೆ ಒಣ ಮೈಕ್ರೋಫೈಬರಿನಿಂದ ಒರೆಸಿ ತೆಗೆಯುವುದು. ದಪ್ಪ ಹಾಕಿದರೆ ಹೆಚ್ಚು ಬಾಳುವುದಿಲ್ಲ. ಒರೆಸುವ ಕಷ್ಟ ಮಾತ್ರ ಹೆಚ್ಚುತ್ತದೆ. ಕಪ್ಪು ಪ್ಲಾಸ್ಟಿಕ್ ಪಟ್ಟಿಗೆ ಮೇಣ ತಾಗಿಸಬೇಡಿ, ಬಿಳಿ ಕಲೆ ಉಳಿಯುತ್ತದೆ. ಹೊಳಪಿಲ್ಲದ ಮ್ಯಾಟ್ ಬಣ್ಣದ ಬಂಡಿಗೆ ಸಾಧಾರಣ ಮೇಣ, ಪಾಲಿಶ್ ಕೂಡದು.

ಸಿರಾಮಿಕ್ಕಿಗೆ ಮಾತ್ರ ತಾಳ್ಮೆ ಬೇಕು. ಧೂಳಿಲ್ಲದ, ಮೇಲೆ ಮಾಡು ಇರುವ ಜಾಗ ಬೇಕು. ಚಾಳಿನ ಮುಂದಿನ ಬೀದಿ ಆಗದು. ತೊಳೆದು ಒಣಗಿಸಿದ ಮೈಯನ್ನು ಐಸೋಪ್ರೊಪೈಲ್ ಆಲ್ಕೊಹಾಲ್ ಬೆರೆತ ನೀರಿನಿಂದಲೋ, ಸೀಸೆಯ ಜೊತೆ ಕೊಟ್ಟಿರುವ ದ್ರವದಿಂದಲೋ ಒರೆಸಿ ಜಿಡ್ಡಿನ ಪಸೆ ಇಲ್ಲದಂತೆ ಮಾಡಿ. ಕೈಗವಸು ಹಾಕಿ. ಗಾಳಿಯಾಡುತ್ತಿರಲಿ, ಹತ್ತಿರದಲ್ಲಿ ಬೀಡಿ, ಬೆಂಕಿ ಬೇಡ. ಕೆಲವೇ ಹನಿಗಳನ್ನು ಬಟ್ಟೆ ಸುತ್ತಿದ ಸ್ಪಂಜಿನ ಮೇಲೆ ಹಾಕಿ, ಒಂದೂವರೆ ಅಡಿ ಚೌಕದಷ್ಟು ಜಾಗಕ್ಕೆ ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಸವರಿ. ಕಾಮನಬಿಲ್ಲಿನಂತೆ ಬಣ್ಣದ ಪಸೆ ಕಾಣುತ್ತದೆ. ಸೀಸೆಯ ಚೀಟಿಯಲ್ಲಿ ಹೇಳಿರುವಷ್ಟು ಹೊತ್ತು ಬಿಟ್ಟು, ಒಂದು ಬಟ್ಟೆಯಿಂದ ಒರೆಸಿ, ಇನ್ನೊಂದರಿಂದ ನಯಮಾಡಿ. ದೀಪ ಹಿಡಿದು ಪಕ್ಕದಿಂದ ನೋಡಿ. ಕಪ್ಪು ತೇಪೆಯಂತೆ ಕಂಡರೆ ಅಲ್ಲಿ ಹೆಚ್ಚು ಉಳಿದಿದೆ. ಆಗಲೇ ಒರೆಸದಿದ್ದರೆ ಅದು ಗಟ್ಟಿಯಾಗಿ, ಪಾಲಿಶ್ ಹಾಕಿ ತಿಕ್ಕಿಯೇ ತೆಗೆಯಬೇಕಾಗುತ್ತದೆ. ಒರೆಸಿದ ಬಟ್ಟೆಯೂ ಒಣಗಿದ ಮೇಲೆ ಗಾಜಿನಂತೆ ಬಿರುಸಾಗುತ್ತದೆ. ಅದನ್ನು ಮತ್ತೆ ಬಳಸಬಾರದು. ಒಂದು ಹಗಲು ಒಂದು ರಾತ್ರಿ ನೀರು ತಾಗದಿರಲಿ, ಒಂದು ವಾರ ಶಾಂಪೂ ಬೇಡ.

ಇದಕ್ಕೆ ತಕ್ಕ ಕಾಲ ಮಳೆ ನಿಂತ ಮೇಲಿನದು. ಆಯುಧಪೂಜೆಗೆ ನಮ್ಮವರು ಬಂಡಿಯನ್ನು ಹೇಗೂ ತಿಕ್ಕಿ ತೊಳೆಯುತ್ತಾರೆ. ಆಗಲೇ ಲೇಪವೂ ಆಗಿಬಿಡಲಿ. ಪೂಜೆಯ ಅರಿಸಿನ ಕುಂಕುಮವನ್ನು ಬಣ್ಣದ ಮೇಲೆ ಹಚ್ಚದೆ ಗಾಜಿಗೋ ನಂಬರ್ ಪ್ಲೇಟಿನ ಅಂಚಿಗೋ ಇಟ್ಟರೆ ಭಕ್ತಿಗೂ ಕೊರತೆಯಿಲ್ಲ, ಬಣ್ಣಕ್ಕೂ ಕಲೆಯಿಲ್ಲ. ಹಾರವನ್ನು ಅಂಟುಪಟ್ಟಿಯಿಂದ ಅಂಟಿಸದೆ ದಾರದಿಂದ ಕಟ್ಟಿ.

ಲೇಪದಿಂದ ಆಗದ್ದು

ಇದ್ದ ಗೀರನ್ನು ಲೇಪ ಅಳಿಸದು. ಸಿಡಿದ ಕಲ್ಲನ್ನು ತಡೆಯದು. ಒಳಗಿನಿಂದ ಎದ್ದ ತುಕ್ಕನ್ನು ನಿಲ್ಲಿಸದು. ಚಕ್ಕೆ ಎದ್ದಲ್ಲಿ ಮೊದಲು ಟಚ್‌ಅಪ್ ಬಣ್ಣ ಹಚ್ಚಿ ಒಣಗಿಸಬೇಕು. ಲೇಪ ಆಮೇಲಿನ ಮಾತು. ಬಂಡಿಯನ್ನು ತೊಳೆಯುವುದೇ ಬೇಡವೆಂದೂ ಅಲ್ಲ. ಕೊಳೆ ಬೇಗ ಬಿಡುತ್ತದೆ, ನೀರು ಕಡಿಮೆ ಸಾಕು, ಅಷ್ಟೇ ಲಾಭ. ನೀರಿಗೆ ಸಾಲು ನಿಲ್ಲುವ ಊರಿನಲ್ಲಿ ಅದೂ ಸಣ್ಣದಲ್ಲ. ಗ್ಯಾರೇಜಿನಲ್ಲಿ ಹೊಸದಾಗಿ ಬಣ್ಣ ಹೊಡೆಸಿದ ಬಂಡಿಗೆ ಒಂದು ತಿಂಗಳಾದರೂ ಏನೂ ಹಾಕಬೇಡಿ. ಬಣ್ಣದೊಳಗಿನ ದ್ರಾವಕ ಆರಬೇಕು. ಕಾರ್ಖಾನೆಯಿಂದ ಬಂದ ಬಣ್ಣ ಕುಲುಮೆಯಲ್ಲಿ ಬೆಂದು ಬಂದಿರುವುದರಿಂದ ಅದಕ್ಕೆ ಈ ನಿಯಮವಿಲ್ಲ.

ಇನ್ನೊಂದು ಎಚ್ಚರಿಕೆ. ಎರಡು ಡಬ್ಬಿ ಬೆರೆಸಿ ಸಿಂಪಡಿಸುವ ಕ್ಲಿಯರ್ ಬಣ್ಣದ ಗಟ್ಟಿಕಾರಕದಲ್ಲಿ ಸಾಮಾನ್ಯವಾಗಿ ಐಸೋಸಯನೇಟ್ ಇರುತ್ತದೆ. ಅದರ ಮಂಜು ಉಸಿರಿಗೆ ಹೋದರೆ ಉಬ್ಬಸ ಬರಬಹುದು, ಬಂದರೆ ಜೀವಮಾನವಿಡೀ ಕಾಡಬಹುದು. ಅದನ್ನು ಮನೆಯಲ್ಲಿ, ಕರವಸ್ತ್ರ ಕಟ್ಟಿಕೊಂಡು ಮಾಡತಕ್ಕದ್ದಲ್ಲ. ತಕ್ಕ ಮುಖವಾಡವೂ ಗಾಳಿ ಹೊರಹಾಕುವ ಕೋಣೆಯೂ ಇದ್ದವರ ಕೆಲಸ ಅದು. ಗ್ಯಾರೇಜಿನಲ್ಲಿ ಬಣ್ಣ ಸಿಂಪಡಿಸುವ ನಮ್ಮ ಹುಡುಗರು ಮುಖವಾಡವನ್ನು ಕೇಳಿ ಪಡೆಯಬೇಕು. ಬಂಡಿಯ ಬಣ್ಣಕ್ಕಿಂತ ಎದೆಗೂಡು ದೊಡ್ಡದು.

ಯಾರಿಗೆ ಯಾವುದು?

ಮುಂಬಯಿಯಲ್ಲಿ ಟ್ಯಾಕ್ಸಿಗೆ 20 ವರ್ಷದ ವಯೋಮಿತಿ ಉಂಟು. ಕಪ್ಪು-ಹಳದಿಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳಲ್ಲಿ ಕಡೆಯದು 2003ರ ಅಕ್ಟೋಬರಿನಲ್ಲಿ ನೋಂದಾಯಿತವಾಗಿ, ಆ ಮಿತಿ ತುಂಬಿ 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಇಳಿಯಿತು. ಅಷ್ಟು ವರ್ಷ ಮಳೆ, ಉಪ್ಪುಗಾಳಿಯಲ್ಲಿ ದುಡಿಯುವ ಬಂಡಿಗೆ ಸಾವಿರಗಟ್ಟಲೆಯ ಲೇಪ ಒಮ್ಮೆ ಹಾಕುವುದಕ್ಕಿಂತ, ಆರು ತಿಂಗಳಿಗೊಮ್ಮೆ ಸೀಲೆಂಟ್, ಚಕ್ಕೆ ಎದ್ದ ಕೂಡಲೆ ಟಚ್‌ಅಪ್, ಇವೇ ಹೆಚ್ಚು ಉಪಯುಕ್ತ. ಸ್ಕೂಟರಿಗೆ ಒಂದು ಡಬ್ಬಿ ಮೇಣ ಸಾಕು. ಹೊಸ ಕಾರು ಕೊಂಡು ಏಳೆಂಟು ವರ್ಷ ಇಟ್ಟುಕೊಳ್ಳುವವರು, ಒಳ್ಳೆಯ ಜಾಗವೂ ಬಿಡುವಿನ ಭಾನುವಾರವೂ ಇದ್ದರೆ, ಸಿರಾಮಿಕ್ ಸೀಸೆ ತಂದು ತಾವೇ ಹಾಕಬಹುದು. ಲೇಪ ಉಳಿದಿದೆಯೇ ಎಂದು ತಿಳಿಯಲು ನೀರು ಚಿಮುಕಿಸಿ ನೋಡಿ: ಕೆಸುವಿನೆಲೆಯ ಮೇಲಿನಂತೆ ಹನಿ ದುಂಡಗೆ ಉರುಳಿದರೆ ಉಳಿದಿದೆ, ಹಾಳೆಯಂತೆ ಹರಡಿಕೊಂಡರೆ, ಒಂದು ಸಾರಿ ಶಾಂಪೂ ಹಾಕಿ ತೊಳೆದು ಮತ್ತೆ ನೋಡಿ. ಆಗಲೂ ಹಾಗೆಯೇ ಇದ್ದರೆ ಹೊಸದಾಗಿ ಹಾಕಬೇಕು.

ಕಡೆಯದಾಗಿ ಕಾರು ಒರೆಸುವ ತಮ್ಮಂದಿರಿಗೆ. ಒಂದು ಬಕೀಟು ನೀರಿನಲ್ಲಿ ಹತ್ತು ಕಾರು ಒರೆಸುವುದು ನಿಮ್ಮ ತಪ್ಪಲ್ಲ. ಅಷ್ಟೇ ನೀರು, ಅಷ್ಟೇ ಹೊತ್ತು ಕೊಟ್ಟವರದ್ದು. ಆದರೆ ಗೀರು ಬಿದ್ದಾಗ ಮಾತು ಕೇಳುವವರು ನೀವೇ. ಆದುದರಿಂದ ಹೊಸ ಕಾರಿನ ಕೆಲಸ ಹಿಡಿಯುವ ದಿನವೇ ಯಜಮಾನರನ್ನು ಕರೆದು, ಇರುವ ಗೀರುಗಳನ್ನು ತೋರಿಸಿ, ಫೋನಿನಲ್ಲಿ ಚಿತ್ರ ತೆಗೆದಿಡಿ. "ಸಾಹೇಬರೇ, ಎರಡು ಮೈಕ್ರೋಫೈಬರ್ ಬಟ್ಟೆ ಕೊಡಿಸಿ, ನಿಮ್ಮ ಕಾರಿಗೇ ಬೇರೆ ಇಡುತ್ತೇನೆ" ಎಂದು ಕೇಳಿ. ತಮ್ಮ ಬಂಡಿಯ ಹಿತವೆಂದು ತಿಳಿದರೆ ಹೆಚ್ಚಿನವರು ಇಲ್ಲವೆನ್ನಲಾರರು. ನೀರು ಕಡಿಮೆಯಿದ್ದರೆ ಮೊದಲು ಚಿಮುಕಿಸಿ ನೆನೆಸಿ, ಬಟ್ಟೆಯನ್ನು ಎಂಟು ಮಡಿಕೆ ಮಾಡಿ, ಒಂದು ಮಗ್ಗುಲು ಕೊಳೆಯಾದ ಕೂಡಲೆ ಇನ್ನೊಂದಕ್ಕೆ ತಿರುವಿ, ಒತ್ತದೆ ಎಳೆಯಿರಿ. ಮೇಣ ಹಾಕುವುದನ್ನು ಕಲಿತರೆ ಅದೇ ಮೇಲಿನ ಸಂಪಾದನೆಯೂ ಆಗುತ್ತದೆ: ಒರೆಸುವ ಸಂಬಳ ಬೇರೆ, ಮೇಣದ ಕೂಲಿ ಬೇರೆ ಎಂದು ಮೊದಲೇ ಮಾತಾಡಿಕೊಳ್ಳಿ.

ಈ ವಿಷಯದಲ್ಲಿ ಇನ್ನೂ ಕೇಳುವುದಿದ್ದವರು ವಾಚನಾಲಯದ ಮೇಜಿನ ಮೇಲಿರುವ ಪ್ರಶ್ನೆಗಳ ಪುಸ್ತಕದಲ್ಲಿ ಬರೆದಿಡಬೇಕಾಗಿ ವಿನಂತಿ. ಗ್ಯಾರೇಜು ಕೆಲಸ ಬಲ್ಲ ಸದಸ್ಯರು ಉತ್ತರ ಬರೆದುಕೊಟ್ಟರೆ ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಅಚ್ಚು ಹಾಕುತ್ತೇವೆ.